ಎರೆಮಣ್ಣಿನ ಹಿತ್ತಲಿನಲ್ಲಿ ಗೌಜಲ ಹಕ್ಕಿಗಳನ್ನು ಹೊರಗೆ ಬಿಟ್ಟ ನನ್ನ ಅನುಭವ

ನಮ್ಮ ಮನೆ ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರಸ್ತೆಯ ಕಡೆಗಿದೆ. ಹಿತ್ತಲು ಸುಮಾರು 30 ಅಡಿ ಉದ್ದ, 18 ಅಡಿ ಅಗಲ. ಒಂದು ನುಗ್ಗೆ, ಒಂದು ಲಿಂಬೆ, ಎರಡು ಕರಿಬೇವಿನ ಗಿಡಗಳನ್ನು ಬಿಟ್ಟರೆ ಉಳಿದದ್ದೆಲ್ಲ ಗರಿಕೆ ಹಬ್ಬಿದ ಎರೆಮಣ್ಣು. ಅಲ್ಲಿ ನಾನು ಆರು ಹೆಣ್ಣು, ಎರಡು ಗಂಡು ಜಪಾನಿ ಗೌಜಲ ಹಕ್ಕಿಗಳನ್ನು ಮೊಟ್ಟೆಗಾಗಿಯೂ, ಅದಕ್ಕಿಂತ ಹೆಚ್ಚಾಗಿ ಅವುಗಳ ಮೇಲಿನ ಅಕ್ಕರೆಯಿಂದಲೂ ಸಾಕತೊಡಗಿದೆ. ಮೊದಲ ಮೂರು ತಿಂಗಳು ಅವು ತಂತಿ ತಳದ ಪಂಜರದಲ್ಲಿಯೇ ಇದ್ದವು. ಮೇವಿಗೂ ನೀರಿಗೂ ಕೊರತೆಯಿರಲಿಲ್ಲ. ಆದರೆ ಕಾಲಿಗೆ ಮಣ್ಣು ತಾಗದ ಆ ಹಕ್ಕಿಗಳು ಮೇವಿನ ತಟ್ಟೆಯೊಳಗೇ ಇಳಿದು, ನುಚ್ಚನ್ನೇ ಧೂಳೆಂದು ಬಗೆದು ರೆಕ್ಕೆ ಕೆದರಿ ಹೊರಳಾಡುವುದನ್ನು ದಿನವೂ ನೋಡಿದ ಮೇಲೆ, ಇವುಗಳಿಗೆ ನೆಲ ತೋರಿಸಲೇಬೇಕೆಂದು ನಿರ್ಧರಿಸಿದೆ.

ನನಗೆ ಗೊತ್ತಿದ್ದದ್ದು ಜವಾರಿ ಕೋಳಿಯ ರೀತಿ. ಅಜ್ಜಿಯ ಮನೆಯಲ್ಲಿ ಬೆಳಿಗ್ಗೆ ಬುಟ್ಟಿ ಎತ್ತಿದರೆ ಕೋಳಿಗಳು ತಿಪ್ಪೆ, ಹಿತ್ತಲು ಸುತ್ತಿ, ಹೊತ್ತು ಮುಳುಗುವ ಮುನ್ನ ತಾವಾಗಿಯೇ ಮನೆಗೆ ಬರುತ್ತಿದ್ದವು. ಗೌಜಲ ಹಕ್ಕಿಯೂ ಹಾಗೆಯೇ ಬರುತ್ತದೆಂದು ನಂಬಿ ಒಂದು ಸಂಜೆ ನಾಲ್ಕು ಗಂಟೆಗೆ ಪಂಜರದ ಬಾಗಿಲು ತೆರೆದೆ. ಮೊದಲ ಹತ್ತು ನಿಮಿಷ ಎಲ್ಲವೂ ಚೆನ್ನಾಗಿತ್ತು. ಅವು ಗರಿಕೆಯ ನಡುವೆ ಕತ್ತು ತಗ್ಗಿಸಿ ಓಡಾಡಿದವು, ಇರುವೆ ಹೆಕ್ಕಿದವು. ಅಷ್ಟರಲ್ಲಿ ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯಿತು. ಎಂಟೂ ಹಕ್ಕಿಗಳು ಒಂದೇ ಸಲ ನೆಟ್ಟಗೆ ಮೇಲಕ್ಕೆ ಚಿಮ್ಮಿದವು. ಆರು ಹಿತ್ತಲಲ್ಲಿಯೇ ಇಳಿದವು, ಎರಡು ಗೋಡೆ ದಾಟಿದವು. ದಾಟಿದವುಗಳಲ್ಲಿ ಒಂದು ಪಕ್ಕದವರು ಪೇರಿಸಿಟ್ಟ ಹೆಂಚುಗಳ ಸಂದಿಯಲ್ಲಿ ಮುದುಡಿ ಕುಳಿತದ್ದು ಸಿಕ್ಕಿತು. ಇನ್ನೊಂದು, ಮೊದಲು ಮೊಟ್ಟೆ ಕೊಟ್ಟ ಹೆಣ್ಣು, ಮತ್ತೆಂದೂ ಸಿಗಲಿಲ್ಲ.

ಹಿತ್ತಲಲ್ಲಿ ಉಳಿದ ಆರೂ ತಾವಾಗಿ ಪಂಜರಕ್ಕೆ ಬರಲಿಲ್ಲ. ಬೆಳಕು ಕುಂದಿದಾಗ ಯಾವುದು ಎಲ್ಲಿತ್ತೋ ಅಲ್ಲಿಯೇ ನೆಲಕ್ಕೆ ಅಂಟಿ ಕುಳಿತುಬಿಟ್ಟಿತು. ಒಣಹುಲ್ಲಿನ ಬಣ್ಣದ ಅವುಗಳನ್ನು ನಾನೂ ಮಗಳೂ ಬ್ಯಾಟರಿ ಹಿಡಿದು ರಾತ್ರಿ ಎಂಟರವರೆಗೆ ಹುಡುಕಿದೆವು. ಒಂದನ್ನಂತೂ ತುಳಿಯುವುದರಲ್ಲಿದ್ದೆ.

ಇದು ಹಕ್ಕಿಯ ತಪ್ಪಲ್ಲ. ಕೋಳಿಯ ಪೂರ್ವಜರು ರಾತ್ರಿ ಕೊಂಬೆಯೇರಿ ಮಲಗುವ ಕಾಡುಕೋಳಿಗಳು. ಏರುವುದಕ್ಕೊಂದು ನೆಚ್ಚಿನ ಜಾಗ ಬೇಕಾದುದರಿಂದ ಕೋಳಿ ತನ್ನ ಗೂಡನ್ನು ನೆನಪಿಡುತ್ತದೆ. ಗೌಜಲ ಹಕ್ಕಿ ನೆಲದಲ್ಲಿಯೇ ಮಲಗುವ ಹಕ್ಕಿ, ಇದರ ಕಾಡುಬಂಧುಗಳು ಋತುವಿಗೆ ತಕ್ಕಂತೆ ನೂರಾರು ಮೈಲಿ ವಲಸೆ ಹೋಗುವಂಥವು. ಜಪಾನಿನಲ್ಲಿ ಮೊದಲು ಕೂಗಿನ ಇಂಪಿಗಾಗಿ, ಆಮೇಲೆ ಮೊಟ್ಟೆ ಮಾಂಸಗಳಿಗಾಗಿ ಇದನ್ನು ಪಂಜರದಲ್ಲಿಯೇ ತಲೆತಲಾಂತರ ಬೆಳೆಸಿದರು. ನಮ್ಮ ದೇಶಕ್ಕೆ ಅದು ಬಂದದ್ದು 1974ರಲ್ಲಿ, ಬರೇಲಿಯ ಬಳಿಯ ಇಜ್ಜತ್‌ನಗರದ ಸಂಶೋಧನಾ ಕೇಂದ್ರಕ್ಕೆ. ಇಷ್ಟೆಲ್ಲ ಆದರೂ ‘ಮನೆಗೆ ಮರಳು’ ಎಂಬುದನ್ನು ಅದಕ್ಕೆ ಯಾರೂ ಕಲಿಸಿಲ್ಲ. ಆದ್ದರಿಂದ ಹಕ್ಕಿಯನ್ನು ಹೊರಗೆ ಬಿಡುವುದೆಂದರೆ ಅದರ ಸುತ್ತಲಿನ ಬೇಲಿಯನ್ನೂ ಹೊರಗೆ ಒಯ್ಯುವುದು ಎಂಬ ತಿಳಿವಳಿಕೆಗೆ ನಾನು ಬಂದೆ.

ಬಡಿಗರಿಂದ 6 ಅಡಿ ಉದ್ದ, 3 ಅಡಿ ಅಗಲದ, ತಳವಿಲ್ಲದ ಒಂದು ಹಗುರ ಚೌಕಟ್ಟನ್ನು ಮಾಡಿಸಿದೆ. ಅದರ ಎತ್ತರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬೆದರಿದ ಗೌಜಲ ಹಕ್ಕಿ ಓಡುವುದಿಲ್ಲ, ಬಾಣದಂತೆ ನೇರ ಮೇಲಕ್ಕೆ ಹಾರುತ್ತದೆ. ಮೇಲ್ಚಾವಣಿ ಎರಡು ಮೂರು ಅಡಿ ಎತ್ತರದಲ್ಲಿದ್ದರೆ ಅಷ್ಟರಲ್ಲಿ ಪೂರ್ಣ ವೇಗ ಪಡೆದ ತಲೆ ತಂತಿಗೆ ಬಡಿದು ನೆತ್ತಿ ಒಡೆಯುತ್ತದೆ, ಕೆಲವೊಮ್ಮೆ ಕತ್ತೇ ಮುರಿಯುತ್ತದೆ. ಚಾವಣಿ ಒಂದು ಅಡಿಯಷ್ಟು ತಗ್ಗಿನಲ್ಲಿದ್ದರೆ ವೇಗ ಕೂಡುವುದಿಲ್ಲ. ಆಳೆತ್ತರಕ್ಕಿಂತ ಮೇಲಿದ್ದರೆ ಮುಟ್ಟುವಷ್ಟರಲ್ಲಿ ವೇಗ ಕುಂದಿರುತ್ತದೆ. ನಾನು ತಗ್ಗನ್ನು ಆರಿಸಿಕೊಂಡೆ. ಮೇಲೆ ತಂತಿಯ ಬದಲು ನೈಲಾನ್ ಬಲೆಯನ್ನು ತುಸು ಸಡಿಲವಾಗಿ ಕಟ್ಟಿ, ಅರ್ಧ ಭಾಗಕ್ಕೆ ಗೋಣಿಚೀಲ ಹೊದಿಸಿದೆ. ನೆರಳಿನ ಜೊತೆಗೆ ಆ ಗೋಣಿ ಹಕ್ಕಿಗಳಿಗೆ ಅಡಗುವ ಧೈರ್ಯವನ್ನೂ ಕೊಡುತ್ತದೆ.

ಬದಿಗಳಿಗೆ ಮೊದಲು ಹಾಕಿದ್ದು ಒಂದು ಇಂಚಿನ ಕೋಳಿಜಾಲರಿ. ಒಂದು ಮಧ್ಯಾಹ್ನ ಬೀದಿಯ ಬೆಕ್ಕು ಜಾಲರಿಯ ಕಿಂಡಿಯೊಳಗೆ ಪಂಜ ತೂರಿಸಿ ಒಂದು ಗಂಡುಹಕ್ಕಿಯ ಬೆನ್ನಿನ ಗರಿಗಳನ್ನು ಕಿತ್ತಿತು. ಹಕ್ಕಿ ಉಳಿಯಿತು, ಆದರೆ ವಾರವಿಡೀ ಮೂಲೆ ಬಿಟ್ಟು ಏಳಲಿಲ್ಲ. ಅಂದೇ ಅರ್ಧ ಇಂಚಿನ ಬೆಸುಗೆ ಜಾಲರಿ ತಂದು ಹಾಕಿ, ಅದೇ ಜಾಲರಿಯ ಒಂದು ಅಡಿ ಅಗಲದ ಪಟ್ಟಿಯನ್ನು ಹೊರಗಡೆ ನೆಲದ ಮೇಲೆ ಸುತ್ತಲೂ ಹಾಸಿ ಕಲ್ಲು ಹೇರಿದೆ. ಮುಂಗುಸಿಯಾಗಲಿ ಹೆಗ್ಗಣವಾಗಲಿ ಚೌಕಟ್ಟಿನ ಬುಡದಲ್ಲಿಯೇ ಕೆದರಲು ತೊಡಗುತ್ತವೆ. ಕಾಲಡಿಗೆ ಜಾಲರಿ ಸಿಕ್ಕರೆ ಹಿಂದೆ ಸರಿದು ತೋಡಬೇಕೆಂಬುದು ಅವಕ್ಕೆ ಹೊಳೆಯುವುದಿಲ್ಲ. ನುಗ್ಗೆಯ ಮೇಲೆ ಬಂದು ಕೂರುವ ಗಿಡುಗವನ್ನು ಮಾತ್ರ ಯಾವ ಜಾಲರಿಯೂ ಓಡಿಸದು. ಅದು ಬಂದಿದೆಯೆಂದು ನನಗೆ ತಿಳಿಯುವುದೇ ಹಕ್ಕಿಗಳಿಂದ: ಎಲ್ಲವೂ ಒಮ್ಮೆಲೇ ಕಲ್ಲಿನಂತಾಗುತ್ತವೆ, ತಲೆ ಓರೆಮಾಡಿ ಒಂದೇ ಕಣ್ಣಿನಿಂದ ಆಕಾಶ ನೋಡುತ್ತವೆ. ಆಗ ನಾನು ಹೋಗಿ ಚೌಕಟ್ಟಿನ ಬಳಿ ನಿಲ್ಲುತ್ತೇನೆ. ಚೌಕಟ್ಟು ಹೊರಗಿರುವಾಗ ಮನೆಯವರಲ್ಲಿ ಒಬ್ಬರು ಹಿತ್ತಲಲ್ಲಿಯೇ ಇರಬೇಕೆಂಬುದು ನಮ್ಮ ನಿಯಮ.

ಪಂಜರದಿಂದ ಚೌಕಟ್ಟಿಗೆ ಒಯ್ಯುವುದಕ್ಕೂ ಅಭ್ಯಾಸ ಬೇಕಾಯಿತು. ಮೇಲಿನಿಂದ ಬರುವ ಕೈ ಅವುಗಳಿಗೆ ಗಿಡುಗವೇ. ಅಂಗೈಯನ್ನು ನೆಲಕ್ಕೆ ತಾಗಿಸಿ, ಬದಿಯಿಂದ ನಿಧಾನವಾಗಿ ಒಯ್ದು, ರೆಕ್ಕೆಗಳೆರಡೂ ಮೈಗೆ ಅಂಟಿರುವಂತೆ ಹಿಡಿದರೆ ಮಾತ್ರ ಸುಮ್ಮನಿರುತ್ತವೆ. ಈಗ ರಟ್ಟಿನ ಪೆಟ್ಟಿಗೆಯೊಂದನ್ನು ಓರೆಯಾಗಿಟ್ಟು, ಸಜ್ಜೆ ತುಂಬಿದ ಡಬ್ಬಿ ಅಲ್ಲಾಡಿಸಿದರೆ ಐದಾರು ತಾವಾಗಿಯೇ ಒಳಗೆ ಬರುತ್ತವೆ. ಆ ಸದ್ದನ್ನು ಅವು ಗುರುತಿಸಲು ಸುಮಾರು ಮೂರು ವಾರ ಹಿಡಿಯಿತು. ಬಾರದ ಒಂದೆರಡನ್ನು ಕೈಯಿಂದಲೇ ಎತ್ತಬೇಕು, ಅದೂ ಕತ್ತಲಾಗುವುದಕ್ಕೆ ಒಂದು ಗಂಟೆ ಮೊದಲೇ. ರೆಕ್ಕೆಯ ಗರಿ ಕತ್ತರಿಸುವ ಉಪಾಯವನ್ನೂ ಒಮ್ಮೆ ಮಾಡಿದೆ. ಗರಿ ಕತ್ತರಿಸಿದರೂ ಅವು ಚಿಮ್ಮುವುದನ್ನು ಬಿಡಲಿಲ್ಲ, ಸಮತೋಲ ತಪ್ಪಿ ಓರೆಯಾಗಿ ಬಿದ್ದವು. ನನಗೆ ಅದು ಸರಿಕಾಣದೆ ಬಿಟ್ಟುಬಿಟ್ಟೆ.

ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದದ್ದು ಎರೆಮಣ್ಣನ್ನು. ಒದ್ದೆ ಎರೆ ಹಕ್ಕಿಯ ಬೆರಳುಗಳಿಗೆ ಮೆತ್ತಿಕೊಂಡು, ಹಿಕ್ಕೆಯೂ ಹುಲ್ಲೂ ಸೇರಿ, ಒಣಗಿದಾಗ ಕಲ್ಲಿನಂಥ ಉಂಡೆಯಾಗುತ್ತದೆ. ನಾನು ತಡವಾಗಿ ನೋಡಿದ ಒಂದು ಹೆಣ್ಣಿನ ಬೆರಳು ಬಾತು ಉಗುರು ಉದುರಿತು. ಉಂಡೆಯನ್ನು ಎಂದೂ ಕಿತ್ತು ತೆಗೆಯಬಾರದು. ಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷ ಕಾಲು ನೆನೆಸಿ, ಮೆತ್ತಗಾದ ಮೇಲೆ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಒದ್ದೆ ನೆಲದಲ್ಲಿ ರಕ್ತಭೇದಿಯ ರೋಗಾಣುಗಳೂ ಬೇಗ ಬೆಳೆಯುತ್ತವೆ. ಹಾಗಾಗಿ ಧಾರವಾಡದ ಕಡೆಯಿಂದ ಒಂದು ಗಾಡಿ ಕೆಂಪು ಮಸಾರಿ ಮಣ್ಣು ತರಿಸಿ, ಲಿಂಬೆ ಗಿಡದ ಪಕ್ಕದ ಜಾಗವನ್ನು ಅರ್ಧ ಅಡಿ ಎತ್ತರಿಸಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಿಟಿಜಿಟಿ ಮಳೆಯಲ್ಲಿ ಹೊಳವಾದ ದಿನ ಅಲ್ಲಿ ಮಾತ್ರ ಚೌಕಟ್ಟು ಇಡುತ್ತೇನೆ. ಉಳಿದ ಕಾಲದಲ್ಲಿ ದಿನಕ್ಕೊಂದು ಜಾಗ ಬದಲಿಸುತ್ತೇನೆ. ಹೊಸ ಜಾಗದಲ್ಲಿ ಬೆಳೆದ ಕಾಂಗ್ರೆಸ್ ಕಸವನ್ನು ಮೊದಲೇ ಕಿತ್ತು ಹಾಕುತ್ತೇನೆ. ಒಂದು ಅಗಲ ಬೋಗುಣಿಯಲ್ಲಿ ಮರಳು, ಜರಡಿ ಹಿಡಿದ ಒಲೆಯ ಬೂದಿ ಬೆರೆಸಿಟ್ಟರೆ, ಹೊರಗೆ ಬಂದೊಡನೆ ಅವು ಮೊದಲು ಓಡುವುದು ಅಲ್ಲಿಗೇ. ಹೊರಳಿ ಹೊರಳಿ, ಕೊನೆಗೆ ಒಂದರ ಮೇಲೊಂದು ಕಾಲು ಚಾಚಿ ಕಣ್ಣು ಮುಚ್ಚಿ ಬಿಸಿಲಿಗೆ ಮಲಗುವುದನ್ನು ನೋಡಲು ನಾನು ಎಷ್ಟು ಹೊತ್ತಾದರೂ ಕೂರಬಲ್ಲೆ.

ಮೇವಿನ ಲೆಕ್ಕ ಹೆಚ್ಚೇನೂ ಬದಲಾಗಲಿಲ್ಲ. ಹುಲ್ಲು, ಹುಳ ಸಿಕ್ಕರೂ ಶೇಕಡಾ 20ರಷ್ಟು ಪ್ರೋಟೀನ್ ಇರುವ ಮೇವು ಬೇಕೇ ಬೇಕು. ಮೊದಲ ಮಳೆಯ ಮರುದಿನ ರೆಕ್ಕೆ ಕಳಚಿದ ಗೆದ್ದಲುಗಳು ನೆಲದ ತುಂಬ ಹರಿದಾಡುವಾಗ ಮಾತ್ರ ತಟ್ಟೆಯ ಕಡೆ ಅವು ತಿರುಗಿಯೂ ನೋಡುವುದಿಲ್ಲ. ಮೊಟ್ಟೆಗಳನ್ನು ನಡೆದಲ್ಲಿಯೇ ಇಟ್ಟು ಮುಂದೆ ಹೋಗುತ್ತವೆ. ಹತ್ತು ಗ್ರಾಂ ತೂಕದ, ಕಂದುಚುಕ್ಕೆಯ ಮೊಟ್ಟೆ ಎರೆಯ ಮೇಲೆ ಕಾಣುವುದು ಕಷ್ಟ. ಹೆಚ್ಚಿನವು ಸಂಜೆಯ ಹೊತ್ತಿಗೆ ಇಡುವುದರಿಂದ ಚೌಕಟ್ಟು ಸರಿಸುವ ಮುನ್ನ ಕೈಯಾಡಿಸಿ ನೋಡುತ್ತೇನೆ.

ತಪ್ಪಿಸಿಕೊಂಡ ಆ ಒಂದು ಹೆಣ್ಣಿನ ಚಿಂತೆ ನನ್ನನ್ನು ಇನ್ನೊಂದು ಕಾರಣಕ್ಕೂ ಬಿಟ್ಟಿಲ್ಲ. ನವಲಗುಂದ, ಗದಗ ಕಡೆಯ ಜೋಳ ಕಡಲೆಯ ಹೊಲಗಳಿಗೆ ಚಳಿಗಾಲದಲ್ಲಿ ಸಾಮಾನ್ಯ ಗೌಜಲ ಹಕ್ಕಿಗಳು ವಲಸೆ ಬರುತ್ತವೆ. ಅವು ಜಪಾನಿ ಹಕ್ಕಿಯ ಹತ್ತಿರದ ಬಂಧುಗಳು, ಮತ್ತು ಸಾಕಿದ ಹಕ್ಕಿಗಳನ್ನು ಬಿಟ್ಟ ಯುರೋಪಿನ ಪ್ರದೇಶಗಳಲ್ಲಿ ಇವೆರಡರ ಬೆರಕೆ ಕಂಡುಬಂದಿದೆ. ಕಾಡಿನದನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಮನೆಯದನ್ನು ಹೊಲಕ್ಕೆ ಬಿಡುವುದೂ ಅದಕ್ಕಿಂತ ಕಡಿಮೆಯ ತಪ್ಪಲ್ಲವೆಂದು ನಾನು ಎಣಿಸುತ್ತೇನೆ. ಆದುದರಿಂದ ‘ಸಾಕಲಾಗದು, ಹೊಲದಲ್ಲಿ ಬಿಡುತ್ತೇನೆ’ ಎಂದು ಪರಿಚಿತರೊಬ್ಬರು ಹೇಳಿದಾಗ ಅವರ ನಾಲ್ಕು ಹಕ್ಕಿಗಳನ್ನು ನಾನೇ ತಂದುಕೊಂಡೆ. ಅವು ಈಗ ಬೇರೆ ಪಂಜರದಲ್ಲಿವೆ. ಎರಡು ವಾರ ಹಿಕ್ಕೆ, ಉಸಿರು, ಕಣ್ಣು ನೋಡಿ, ರೋಗವಿಲ್ಲವೆಂದು ಖಚಿತವಾದ ಮೇಲೆ, ಬಡಿಗರು ಮಾಡಿಕೊಡುತ್ತಿರುವ ಎರಡನೆಯ ಚೌಕಟ್ಟಿನಲ್ಲಿ ಅವುಗಳನ್ನೂ ಮಸಾರಿ ಮಣ್ಣಿಗೆ ಇಳಿಸುತ್ತೇನೆ.