ಮೋಟರ್‌ಹೋಮ್ ಒಳಗೆ ಎಲ್‌ಇಡಿ ಬಲ್ಬ್

ಮೋಟರ್‌ಹೋಮ್ ಅಂದರೆ ಒಳಗೇ ವಾಸಿಸಬಹುದಾದ ದೊಡ್ಡ ಗಾಡಿ. ಅಮೆರಿಕದ ಹಳೇ ಮೋಟರ್‌ಹೋಮ್‌ಗಳ ಸೀಲಿಂಗ್ ಲೈಟಿನಲ್ಲಿ 921 ನಂಬರಿನ ಬಲ್ಬ್ ಸಾಮಾನ್ಯ. ನಮ್ಮದರಲ್ಲೂ ಅದೇ. ಒಂದೊಂದೂ ಸುಮಾರು 1.4 ಆಂಪ್ ಎಳೆಯುತ್ತದೆ. ಆರು ಬಲ್ಬ್ ಐದು ಗಂಟೆ ಉರಿದರೆ ಬ್ಯಾಟರಿಯಿಂದ 42 ಆಂಪ್-ಅವರ್ (ಆಂಪ್ ಗುಣಿಸು ಗಂಟೆ) ಖಾಲಿ. 100 ಆಂಪ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು. ಇನ್ನು ಫ್ಯಾನಿಗೆ, ನೀರಿನ ಪಂಪಿಗೆ ಉಳಿಯೋದೇನು? ಎಲ್‌ಇಡಿಯಾದರೆ ಬಲ್ಬಿಗೆ ಸುಮಾರು 0.2 ಆಂಪ್ ಸಾಕು.

ಕೊಳ್ಳುವಾಗ ಪ್ಯಾಕೆಟ್ ಮೇಲೆ 10–30 ವೋಲ್ಟ್ ಎಂದಿದೆಯಾ ನೋಡಿ. ಚಾರ್ಜ್ ಆಗುವಾಗ ವೋಲ್ಟೇಜ್ 14 ದಾಟುತ್ತದೆ, ಬರೀ 12ಕ್ಕೆ ಮಾಡಿದ ಅಗ್ಗದ ಬಲ್ಬ್ ಬೇಗ ಹೋಗುತ್ತದೆ. ಬೆಳಕಿನ ಬಣ್ಣ 2700ರಿಂದ 3000 ಕೆಲ್ವಿನ್ ಇರಲಿ, ಅದು ಬೆಚ್ಚನೆಯ ಹಳದಿ. 6000ದ ಬಿಳಿ ಬೆಳಕು ಹಾಕಿದರೆ ಊಟದ ಮೇಜು ಆಪರೇಷನ್ ಥಿಯೇಟರ್ ಥರ ಕಾಣುತ್ತದೆ. ನನ್ನ ಹೆಂಡತಿ ಅದಕ್ಕೆ ಒಪ್ಪುವುದಿಲ್ಲ, ನಾನೂ ಅಷ್ಟೇ.

ಮೊದಲು ಲೈಟಿನ ಫ್ಯೂಸ್ ತೆಗೆಯಿರಿ. ಹಳೇ ಬಲ್ಬ್ ಕೈ ಸುಡುತ್ತದೆ, ಆರಲು ಬಿಡಿ. ಪ್ಲಾಸ್ಟಿಕ್ ಕವರನ್ನು ಮೆಲ್ಲಗೆ ಬಿಚ್ಚಿ, ಹಳೆಯದಾದರೆ ಪಟ್ಟನೆ ಒಡೆಯುತ್ತದೆ. ಬಲ್ಬನ್ನು ನೇರ ಎಳೆದರೆ ಬರುತ್ತದೆ. ಹೊಸದು ಹತ್ತದಿದ್ದರೆ ಗಾಬರಿ ಬೇಡ, ತಿರುಗಿಸಿ ಹಾಕಿ. ಕೆಲವು ಎಲ್‌ಇಡಿಗೆ ಪ್ಲಸ್-ಮೈನಸ್ ಸರಿಯಾಗಿಯೇ ಬೇಕು. ಬೆಳಕು ಹೆಚ್ಚು-ಕಡಿಮೆ ಮಾಡುವ ಡಿಮ್ಮರ್ ಇದ್ದರೆ ಮಾತ್ರ ಮೊದಲು ಒಂದೇ ಬಲ್ಬ್ ತಂದು ನೋಡಿ, ಹಳೇ ಡಿಮ್ಮರಿನಲ್ಲಿ ಅದು ಮಿಣುಕಬಹುದು.