ಟ್ರೇಯಲ್ಲಿ ಕೂತ ಸಿಮ್, ಹತ್ತದ ನೆಟ್‌ವರ್ಕ್

ಅಮ್ಮನ ಗುಂಡಿ ಒತ್ತುವ ಫೋನ್ ಹನ್ನೊಂದು ವರ್ಷ ದುಡಿದು ದಣಿದಿತ್ತು. ಮೊಮ್ಮಗಳ ಮುಖ ನೋಡುತ್ತ ಮಾತನಾಡಬೇಕೆಂಬ ಆಸೆ ಅವಳಿಗೆ. ಸ್ಮಾರ್ಟ್‌ಫೋನ್ ಕೊಳ್ಳುವಾಗ ಕ್ಯಾಮೆರಾ, ಬ್ಯಾಟರಿ, ಮೆಮೊರಿ ಎಲ್ಲವನ್ನೂ ವಾರಗಟ್ಟಲೆ ತಾಳೆ ನೋಡಿದ ನಾನು ಸಿಮ್ ಬಗ್ಗೆ ಮಾತ್ರ ಯೋಚಿಸಲೇ ಇಲ್ಲ. ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಿದರಾಯಿತು ಎಂದುಕೊಂಡಿದ್ದೆ.

ಪಿನ್ ಚುಚ್ಚಿ ಟ್ರೇ ಎಳೆದೆ. ಅದರಲ್ಲಿದ್ದದ್ದು ಕಿರುಬೆರಳ ಉಗುರಿನಷ್ಟು ಜಾಗ. ಅಮ್ಮನ ಸಿಮ್ ಮೇಲಿಟ್ಟರೆ ಆ ಜಾಗವೇ ಮುಚ್ಚಿಹೋಯಿತು.

1991ರಲ್ಲಿ ಬಂದ ಮೊದಲ ಸಿಮ್ ಎಟಿಎಂ ಕಾರ್ಡಿನಷ್ಟೇ ದೊಡ್ಡದಿತ್ತು. ನಾವು ಬಹುಕಾಲ ‘ಮಾಮೂಲಿ ಸಿಮ್’ ಎಂದು ಕರೆದದ್ದು ಮಿನಿ ಸಿಮ್, ಅದು 25 ಮಿ.ಮೀ. ಉದ್ದ, 15 ಮಿ.ಮೀ. ಅಗಲ. ಮೈಕ್ರೊ 15ಕ್ಕೆ 12. 2012ರಲ್ಲಿ ಬಂದ ನ್ಯಾನೊ 12.3ಕ್ಕೆ 8.8. ಕರಗುತ್ತ ಬಂದದ್ದು ಹೆಚ್ಚಾಗಿ ಚಿಪ್ಪಿನ ಸುತ್ತಲಿನ ಪ್ಲಾಸ್ಟಿಕ್. ಹಾಗಾದರೆ ಕತ್ತರಿಸಿದರೆ ಸಾಕಲ್ಲ ಎನಿಸುವುದು ಸಹಜ. ನನಗೂ ಹಾಗೇ ಅನಿಸಿತು.

ಅಳತೆಯ ಗೆರೆ ಎಳೆದು, ಚೂಪಾದ ಕತ್ತರಿಯಿಂದ ಒಂದೊಂದೇ ಬದಿಯನ್ನು ತೆಗೆದೆ. ಚಿನ್ನದ ಬಣ್ಣದ ತಗಡಿನ ಅಂಚಿಗೆ ಕತ್ತರಿ ತಾಗುವಾಗ ಉಸಿರು ಬಿಗಿಹಿಡಿದಿದ್ದೆ. ಅಷ್ಟಾದರೂ ಟ್ರೇ ಒಳಗೆ ಹೋಗಲಿಲ್ಲ. ಮಿನಿ ಮತ್ತು ಮೈಕ್ರೊ ಎರಡರ ದಪ್ಪವೂ 0.76 ಮಿ.ಮೀ., ನ್ಯಾನೊ ಮಾತ್ರ 0.67. ಆ ಕೂದಲೆಳೆಯ ವ್ಯತ್ಯಾಸಕ್ಕೆ ಟ್ರೇ ಬಿಗಿಯುತ್ತಿತ್ತು. ಹಿಂಬದಿಯನ್ನು ಸ್ಯಾಂಡ್‌ಪೇಪರ್ ಮೇಲೆ ನಿಧಾನವಾಗಿ ಉಜ್ಜಿ ತೆಳ್ಳಗೆ ಮಾಡಿದ ಮೇಲೆ ಸಲೀಸಾಗಿ ಕೂತಿತು. ಸಿಗ್ನಲ್ ಬಂತು, ಕರೆಯೂ ಹೋಯಿತು.

ಆದರೆ ವೀಡಿಯೊ ಕರೆ ಹತ್ತಲಿಲ್ಲ. ಪರದೆಯ ಮೇಲ್ತುದಿಯಲ್ಲಿ 4ಜಿ ಎಂದು ಕಾಣಬೇಕಾದ ಕಡೆ ‘ಇ’ ಎಂಬ ಒಂಟಿ ಅಕ್ಷರ, ಅಂದರೆ ಹಳೆಯ 2ಜಿ ಜಾಲದ ಗುರುತು. ಸೆಟ್ಟಿಂಗ್ಸ್ ಎಲ್ಲ ತಡಕಾಡಿ, ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ತಪ್ಪು ಫೋನಿನಲ್ಲಿರಲಿಲ್ಲ. ಅಮ್ಮನದು 2ಜಿ ಕಾಲದ ಕಾರ್ಡ್. 4ಜಿ ಜಾಲ ಗ್ರಾಹಕರನ್ನು ಗುರುತಿಸುವುದು ಯುಸಿಮ್ ಎಂಬ ಹೊಸ ಬಗೆಯ ವ್ಯವಸ್ಥೆಯಿಂದ, ಆ ಹಳೆಯ ಚಿಪ್ಪಿನಲ್ಲಿ ಅದು ಇರಲೇ ಇಲ್ಲ. ಎಷ್ಟು ಒಪ್ಪವಾಗಿ ಕತ್ತರಿಸಿದರೂ ಇಲ್ಲದ್ದು ಬರುವುದೆಲ್ಲಿಂದ? ಇದನ್ನು ಕೊಳ್ಳುವಾಗಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ. ಸಿಮ್ ಎಂದರೆ ಎಲ್ಲರೂ ಗಾತ್ರವನ್ನಷ್ಟೇ ಕೇಳುತ್ತಾರೆ, ಅದು ಯಾವ ಕಾಲದ್ದು ಎಂದು ಕೇಳುವವರಿಲ್ಲ.

ಬದಲಿ ಸಿಮ್ ಪಡೆಯಲು ಮರುದಿನ ಹೋದಾಗ ಇನ್ನೊಂದು ಸಂಗತಿ ಎದುರಾಯಿತು. ಸಂಪರ್ಕ ಅಣ್ಣನ ಹೆಸರಿನಲ್ಲಿ ನೋಂದಣಿಯಾಗಿತ್ತು. ಎಂದೋ ಅವನೇ ಕೊಡಿಸಿದ್ದು, ಎಲ್ಲರೂ ಮರೆತಿದ್ದೆವು. ಗುರುತಿನ ದಾಖಲೆಯೊಂದಿಗೆ ಅವನೇ ಬರಬೇಕಾಯಿತು. ಸಂಖ್ಯೆ ಅದೇ ಉಳಿಯುತ್ತದೆ, ಕಾರ್ಡ್ ಮಾತ್ರ ಹೊಸದು.

ಅಣ್ಣ ಬರುವುದಕ್ಕೆ ಎರಡು ದಿನ ಹಿಡಿದದ್ದೇ ಒಳ್ಳೆಯದಾಯಿತು. “ನನ್ನ ನಂಬರುಗಳೆಲ್ಲ ಹೊಸದಕ್ಕೆ ಬರುತ್ತವೆ ತಾನೇ?” ಎಂದು ಅಮ್ಮ ಕೇಳಿದಾಗಲೇ ನನಗೆ ಎಚ್ಚರವಾದದ್ದು. ಬರುವುದಿಲ್ಲ. ಬದಲಿ ಸಿಮ್ ಖಾಲಿಯಾಗಿಯೇ ಬರುತ್ತದೆ. ಅವಳ ಸಂಖ್ಯೆಗಳಲ್ಲಿ ಕೆಲವು ಸಿಮ್‌ನಲ್ಲಿದ್ದವು, ಉಳಿದವು ಹಳೆಯ ಫೋನಿನ ಹೊಟ್ಟೆಯಲ್ಲಿ. ಅವುಗಳನ್ನು ಸಿಮ್‌ಗೆ ತುಂಬಿಸಬೇಕಾದರೆ ಕತ್ತರಿಸಿದ ಕಾರ್ಡು ಮತ್ತೆ ಹಳೆಯ ಫೋನಿಗೆ ಹೋಗಬೇಕು.

ಅದಕ್ಕೆ ಸಣ್ಣ ಸಿಮ್ಮನ್ನು ದೊಡ್ಡ ಜಾಗಕ್ಕೆ ಹೊಂದಿಸುವ ಪ್ಲಾಸ್ಟಿಕ್ ಚೌಕಟ್ಟು, ಅಂದರೆ ಅಡಾಪ್ಟರ್ ತಂದೆ. ಅಳತೆ ಸರಿಯಿದೆಯೇ ಎಂದು ನೋಡಲು ಖಾಲಿ ಅಡಾಪ್ಟರನ್ನೇ ಒಳಗೆ ತಳ್ಳಿದ್ದು ದೊಡ್ಡ ತಪ್ಪು. ಸಂಪರ್ಕದ ಸೂಕ್ಷ್ಮ ಸ್ಪ್ರಿಂಗುಗಳು ಅದರ ನಡುವಿನ ಕಿಂಡಿಯಲ್ಲಿ ಎದ್ದು ಕೊಕ್ಕೆಯಂತೆ ಹಿಡಿದುಕೊಂಡವು. ಎಳೆದರೆ ಮುರಿಯುತ್ತಿದ್ದವು. ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕತ್ತರಿಸಿ, ಅಡಾಪ್ಟರ್ ಮೇಲೆ ನಿಧಾನವಾಗಿ ಜಾರಿಸಿ, ಸ್ಪ್ರಿಂಗುಗಳನ್ನು ಒತ್ತಿ ಹಿಡಿದು ಎರಡನ್ನೂ ಒಟ್ಟಿಗೆ ಹೊರಗೆಳೆದೆ. ದಯವಿಟ್ಟು ಕಾರ್ಡ್ ಕೂರಿಸದೆ ಅಡಾಪ್ಟರ್ ಹಾಕಬೇಡಿ, ಫೋನ್ ಎಷ್ಟೇ ಹಳೆಯದಾಗಿರಲಿ.

ಆಮೇಲೆ ಕಾರ್ಡಿನೊಂದಿಗೆ ಕೂರಿಸಿ, ಫೋನಿನಲ್ಲಿದ್ದ ಸಂಖ್ಯೆಗಳನ್ನೆಲ್ಲ ಸಿಮ್‌ಗೆ ನಕಲು ಮಾಡಿದೆ. ಸಿಮ್‌ನಲ್ಲಿ ಸಾಮಾನ್ಯವಾಗಿ 250ರ ಆಸುಪಾಸು ಸಂಖ್ಯೆಗಳಿಗಷ್ಟೇ ಜಾಗ, ಹೆಸರು ಉದ್ದವಾದರೆ ಬಾಲ ತುಂಡಾಗುತ್ತದೆ. ಹೊಸ ಫೋನಿಗೆ ತುಂಬಿಸಿದ ಮೇಲೆ ಅಮ್ಮ ಪಕ್ಕದಲ್ಲಿ ಕೂತು, ತುಂಡಾದ ಒಂದೊಂದು ಹೆಸರನ್ನೂ ಪೂರ್ತಿ ಹೇಳಿ ಬರೆಸಿದಳು. ಅವುಗಳಲ್ಲಿ ಮೂರು ಸಂಖ್ಯೆಗಳು ಬೇರೆ ಯಾರ ಬಳಿಯೂ ಇರಲಿಲ್ಲ. ಒಂದು ಅವಳ ಬಾಲ್ಯದ ಗೆಳತಿಯದು.

ಬದಲಿ ಸಿಮ್‌ಗೆ ಜೀವ ಬರುವ ಹೊತ್ತಿಗೆ ಹಳೆಯದು ಸತ್ತಿರುತ್ತದೆ. ನಡುವಿನ ಕೆಲವು ಗಂಟೆ ಕರೆಯಿಲ್ಲ. ಹೊಸದಕ್ಕೆ ಜೀವ ಬಂದ ಮೇಲೂ 24 ಗಂಟೆ ಎಸ್ಸೆಮ್ಮೆಸ್ ತಡೆದಿರುತ್ತಾರೆ, ಹಾಗಾಗಿ ಎಸ್ಸೆಮ್ಮೆಸ್‌ನಲ್ಲಿ ಬರುವ ಬ್ಯಾಂಕಿನ ಒಟಿಪಿಯೂ ಇಲ್ಲ. ಹಣ ಕಟ್ಟುವ ಕೆಲಸವಿದ್ದರೆ ಹಿಂದಿನ ದಿನವೇ ಮುಗಿಸಿಕೊಳ್ಳಿ. ಇನ್ನು, ಸತ್ತ ಸಿಮ್ ಎಂದು ತಕ್ಷಣ ಎಸೆಯಬೇಡಿ. ಜಾಲ ಹೋದರೂ ಅದರೊಳಗಿನ ಸಂಖ್ಯೆಗಳನ್ನು ಓದಬಹುದು.

ಈ ಪಾಠದ ನಂತರ ನನ್ನ ಫೋನ್ ಬದಲಿಸುವಾಗ ಇ-ಸಿಮ್, ಅಂದರೆ ಬೇರೆ ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್ ಬಗ್ಗೆ ಮೊದಲೇ ವಿಚಾರಿಸಿದೆ. ಡಯಲ್ ಮಾಡುವ ಜಾಗದಲ್ಲಿ *#06# ಒತ್ತಿದಾಗ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಜೊತೆ ಇ-ಸಿಮ್‌ನ ಗುರುತಾದ 32 ಅಂಕಿಗಳ ಇಐಡಿಯೂ ಕಂಡರೆ ಫೋನಿನಲ್ಲಿ ಇ-ಸಿಮ್ ಸೌಲಭ್ಯವಿದೆ ಎಂದರ್ಥ. ಸಿಮ್ ಕಂಪನಿ ಕಳಿಸಿದ ಕ್ಯೂಆರ್ ಕೋಡನ್ನು ಬೇರೊಂದು ಪರದೆಯಲ್ಲಿ ತೆರೆದುಕೊಂಡು, ವೈಫೈ ಹಿಡಿದು ಸ್ಕ್ಯಾನ್ ಮಾಡಿದೆ. ಹೊಸ ಫೋನಿನಿಂದ ಅಮ್ಮನಿಗೆ ಕರೆ ಹೋದ ಮೇಲೆಯೇ ಹಳೆಯ ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿದೆ.