‘ಡ್ರೈವ್’ ಪದವನ್ನು ನಾನು ಕನ್ನಡಕ್ಕೆ ತರುವ ರೀತಿ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕೆಲಸ. ವಾಕ್ಯದಲ್ಲಿ ‘ಡ್ರೈವ್’ ಕಂಡರೆ ನಾನು ಮೊದಲು ಕಾರನ್ನು ಮರೆತುಬಿಡುತ್ತೇನೆ. ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಕೇಳಿದ್ದು 1886ರಲ್ಲಿ. ಈ ಪದವೋ ಸಾವಿರ ವರ್ಷಕ್ಕೂ ಹಿಂದಿನ ಹಳೆ ಇಂಗ್ಲಿಷಿನಲ್ಲೇ ಇತ್ತು. ಹಿಂದಿನಿಂದ ಅಟ್ಟುವುದು, ನೂಕುವುದು ಅದರ ಮೂಲ ಅರ್ಥ. ಅಟ್ಟಿಕೊಂಡು ಹೋಗುವ ದನದ ಹಿಂಡಿಗೆ ಇಂಗ್ಲಿಷಿನಲ್ಲಿ ಇವತ್ತಿಗೂ ‘ಡ್ರೋವ್’ ಅಂತಲೇ ಹೆಸರು. ದನದಿಂದ ಗಾಡಿಗೆ, ಗಾಡಿಯಿಂದ ಕಾರಿಗೆ ಪದ ಬಂತು.

ಇದು ಮನಸ್ಸಿನಲ್ಲಿದ್ದರೆ ಕನ್ನಡದ ‘ಹೊಡೆ’ ತಾನಾಗೇ ನೆನಪಾಗುತ್ತದೆ. ದನ ಹೊಡೆದುಕೊಂಡು ಹೋಗುತ್ತೇವೆ, ಗಾಡಿ ಹೊಡೆಯುತ್ತೇವೆ, ಗೋಡೆಗೆ ಮೊಳೆ ಹೊಡೆಯುತ್ತೇವೆ. ಕ್ರಿಕೆಟ್‌ನಲ್ಲಿ ಕವರ್ ಡ್ರೈವ್ ಕೂಡ ಹೊಡೆಯುವುದೇ. ಇಂಗ್ಲಿಷಿನವರು ಇವೆಲ್ಲಕ್ಕೂ ‘ಡ್ರೈವ್’ ಅನ್ನುತ್ತಾರೆ. ‘ಡ್ರೈವಿಂಗ್ ರೈನ್’ ಅಂದರೆ ಜೋರು ಮಳೆ ಅಂತ ಬರೆದು ಸುಮ್ಮನಾಗುವವರೇ ಜಾಸ್ತಿ. ಆದರೆ ಅದು ಗಾಳಿ ಅಟ್ಟಿಕೊಂಡು ಬರುವ ಮಳೆ, ಓರೆಯಾಗಿ ಬಂದು ಮುಖಕ್ಕೆ ರಾಚುವಂಥದ್ದು. ‘ಎರಚಲು ಹೊಡೆಯುತ್ತಿತ್ತು’ ಅಂತ ಬರೆದರೆ ಸರಿಹೋಗುತ್ತದೆ.

‘ಡ್ರೈವ್ ದ ಪಾಯಿಂಟ್ ಹೋಮ್’ ಅನ್ನುವುದರಲ್ಲಿರುವುದೂ ಈ ಮೊಳೆಯೇ. ಇಲ್ಲಿ ‘ಹೋಮ್’ ಮನೆಯಲ್ಲ, ಮೊಳೆ ಪೂರ್ತಿ ಒಳಗೆ ಹೋಗಿ ನಿಲ್ಲುವ ಜಾಗ. ಕನ್ನಡದಲ್ಲಿ ‘ಮನಸ್ಸಿಗೆ ನಾಟುವಂತೆ ಹೇಳು’ ಅಂತ ಇದೆಯಲ್ವಾ, ಇದಕ್ಕಿಂತ ಚೆನ್ನಾಗಿರುವ ಮಾತು ನನಗೆ ಸಿಕ್ಕಿಲ್ಲ. ಮಧ್ಯದಲ್ಲಿ ಮಾತಿನ ಬದಲು ಮನುಷ್ಯ ಬಂದರೆ ಮಾತ್ರ, ‘ಡ್ರೈವ್ ಹಿಮ್ ಹೋಮ್’ ಅಂದರೆ, ಅವನನ್ನು ಕಾರಿನಲ್ಲಿ ಮನೆಗೆ ಬಿಟ್ಟು ಬರುವುದು.

ಜಾಸ್ತಿ ಹೊತ್ತು ಹಿಡಿಯುವುದು ಮನುಷ್ಯರನ್ನು ನೂಕುವ ‘ಡ್ರೈವ್’. ಇಂಗ್ಲಿಷಿನಲ್ಲಿ ನಷ್ಟ, ಹಸಿವು, ಭಯ ಎಲ್ಲವೂ ಕರ್ತೃವಾಗಿ ಕೂತು ಮನುಷ್ಯನನ್ನು ತಳ್ಳುತ್ತವೆ. ‘ಲಾಸಸ್ ಡ್ರೋವ್ ಹಿಮ್ ಟು ಸೆಲ್ ದ ಹೌಸ್’ ಅನ್ನುವ ವಾಕ್ಯ ತೆಗೆದುಕೊಳ್ಳಿ. ‘ನಷ್ಟವು ಅವನನ್ನು ಮನೆ ಮಾರುವಂತೆ ಪ್ರೇರೇಪಿಸಿತು’ ಅಂತ ಬರೆದರೆ ವ್ಯಾಕರಣದಲ್ಲಿ ತಪ್ಪೇನಿಲ್ಲ, ಆದರೆ ಹಾಗೆ ಯಾರೂ ಮಾತಾಡುವುದಿಲ್ಲ. ನಾನು ಮನುಷ್ಯನನ್ನು ಮುಂದಕ್ಕೆ ತಂದು, ತಳ್ಳಿದ್ದನ್ನು ಕಾರಣ ಮಾಡುತ್ತೇನೆ: ‘ನಷ್ಟ ತಾಳಲಾರದೆ ಅವನು ಮನೆ ಮಾರಿದ.’ ನೂಕುವ ಬಲ ಪೂರ್ತಿ ‘ತಾಳಲಾರದೆ’ಗೆ ಬಂತು. ಹೀಗೇ ‘ಹಸಿವಿಗೆ ಕದ್ದ’, ‘ಬೇರೆ ದಾರಿ ಕಾಣದೆ ಊರು ಬಿಟ್ಟ’. ಯಾರಾದರೂ ‘ಡ್ರಿವನ್ ಟು ಡ್ರಿಂಕ್’ ಆದರೆ ‘ಚಿಂತೆಯಲ್ಲಿ ಕುಡಿತಕ್ಕೆ ಬಿದ್ದ’ ಅನ್ನುತ್ತೇನೆ. ‘ಡ್ರೈವಿಂಗ್ ಮಿ ಮ್ಯಾಡ್’ಗೆ ‘ತಲೆ ಕೆಡಿಸ್ತಿದ್ದಾನೆ’ ಸಾಕು.

ಹಾಗೆ ನೋಡಿದರೆ ‘ಅವಳು ವೆರಿ ಡ್ರಿವನ್’ ಅನ್ನುವಾಗ ನೂಕುತ್ತಿರುವವರು ಹೊರಗೆಲ್ಲೂ ಇಲ್ಲ. ಬಲ ಒಳಗಿಂದ ಬರುತ್ತಿದೆ. ಅಲ್ಲಿ ‘ಛಲಗಾತಿ’ ಅಥವಾ ‘ತುಡಿತ ಇರುವವಳು’ ಅನ್ನುತ್ತೇನೆ. ‘ಚಾಲಿತ’ ಅನ್ನುವ ಪದವನ್ನು ಯಂತ್ರಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ‘ಬ್ಯಾಟರಿ ಚಾಲಿತ’ ಸರಿ, ‘ದತ್ತಾಂಶ ಚಾಲಿತ ನಿರ್ಧಾರ’ ಓದುವವರಿಗೆ ಸುಮ್ನೆ ಹಿಂಸೆ. ‘ಅಂಕಿ ಅಂಶ ನೋಡಿ ತೆಗೆದುಕೊಂಡ ನಿರ್ಧಾರ’ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ.

‘ಡ್ರೈವ್’ ಪದ ‘ಹಾರ್ಡ್ ಬಾರ್ಗೇನ್’ ಜೊತೆ ಬಂದರೆ ಪಟ್ಟು ಹಿಡಿದು ಚೌಕಾಸಿ ಮಾಡುವುದು. ‘ವಾಟ್ ಆರ್ ಯು ಡ್ರೈವಿಂಗ್ ಅಟ್’ಗೆ ‘ನೀನು ಹೇಳೋಕೆ ಹೊರಟಿರೋದೇನು?’ ರಕ್ತದಾನದ ಡ್ರೈವ್ ಇದ್ದರೆ ಅದು ಅಭಿಯಾನ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಬೇರೊಂದು ಕಡೆ ಎಚ್ಚರ ಬೇಕು. ನಾವು ಕಾರನ್ನೂ ಓಡಿಸುತ್ತೇವೆ, ಬೈಕನ್ನೂ ಓಡಿಸುತ್ತೇವೆ. ಇಂಗ್ಲಿಷಿನಲ್ಲಿ ಕಾಲು ಎರಡೂ ಕಡೆ ಹಾಕಿ ಮೇಲೆ ಕೂರುವಂಥದ್ದು ‘ರೈಡ್’: ಕುದುರೆ, ಸೈಕಲ್, ಬೈಕ್. ಅದೇ ಕುದುರೆಯನ್ನು ಗಾಡಿಗೆ ಕಟ್ಟಿ ಹಿಂದೆ ಕೂತು ಹೊಡೆದರೆ ‘ಡ್ರೈವ್’.

ಕಂಪ್ಯೂಟರಿನ ಡ್ರೈವನ್ನು ಮಾತ್ರ ಹಾಗೇ ಬಿಡುತ್ತೇನೆ. ಐಬಿಎಂ 1956ರಲ್ಲಿ ಹೊರತಂದ ಹಾರ್ಡ್ ಡಿಸ್ಕ್ ಡ್ರೈವ್‌ನಲ್ಲಿ ತಟ್ಟೆಗಳನ್ನು ತಿರುಗಿಸಲು ನಿಜವಾಗಿಯೂ ಮೋಟಾರು ಇತ್ತು, ಹಾಗಾಗಿ ಆ ಹೆಸರಿಗೆ ಅರ್ಥವಿತ್ತು. ಪೆನ್ ಡ್ರೈವ್‌ನಲ್ಲಿ ತಿರುಗುವುದು ಏನೂ ಇಲ್ಲ, ಆದರೂ ಜನ ಹಾಗೇ ಕರೆಯುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.